ಹಳೆಯ ಮಿಯಾಟಾ ಕಾರಿನ ಎರರ್ ಕೋಡ್ ಓದಲು ಸ್ಕ್ಯಾನರ್ ಬೇಕೇ ಬೇಕಾ?

ಬೇಡ. 1990–93ರ ಮಾಜ್ದಾ ಮಿಯಾಟಾಗೆ ಈಗಿನ ಓಬಿಡಿ-2 (ಕಾರಿನ ಕಂಪ್ಯೂಟರ್‌ನಿಂದ ದೋಷದ ಕೋಡ್ ಓದುವ) ಸ್ಕ್ಯಾನರ್ ಹೊಂದುವುದೇ ಇಲ್ಲ. ಒಂದು ಎಲ್‌ಇಡಿ, 1,000 ಓಮ್ ರೆಸಿಸ್ಟರ್, ಎರಡು ತುಂಡು ವೈರ್ ಇದ್ದರೆ ಸಾಕು.

ಬಾನೆಟ್ ಅಡಿ ‘ಡಯಾಗ್ನೋಸಿಸ್’ ಎಂದು ಬರೆದ ಪುಟ್ಟ ಕಪ್ಪು ಡಬ್ಬಿ ಇದೆ. ಪಿನ್‌ಗಳ ಹೆಸರು ಮುಚ್ಚಳದ ಒಳಗೇ ಇರುತ್ತದೆ. ಟಿಇಎನ್ (TEN) ಮತ್ತು ಜಿಎನ್‌ಡಿ (GND, ಗ್ರೌಂಡ್) ಪಿನ್‌ಗಳನ್ನು ವೈರಿನಿಂದ ಸೇರಿಸಿ. ಎಲ್‌ಇಡಿಯ ಉದ್ದ ಕಾಲನ್ನು ರೆಸಿಸ್ಟರ್ ಮೂಲಕ ಪ್ಲಸ್ ಬಿ (+B, ಬ್ಯಾಟರಿಯ ಪ್ಲಸ್) ಪಿನ್‌ಗೆ, ಗಿಡ್ಡ ಕಾಲನ್ನು ಎಫ್‌ಇಎನ್ (FEN) ಪಿನ್‌ಗೆ ಕೊಡಿ. ಪ್ಲಸ್ ಬಿ ಮಾತ್ರ ಜಿಎನ್‌ಡಿಗೆ ತಾಗಲೇಬಾರದು, ಶಾರ್ಟ್ ಆಗುತ್ತದೆ.

ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ. ಉದ್ದ ಮಿನುಗು ಅಂದರೆ ಹತ್ತು, ಚಿಕ್ಕದು ಒಂದು. ಒಂದು ಉದ್ದ, ಐದು ಚಿಕ್ಕದು ಬಂದರೆ 15, ಅಂದರೆ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಭಾಗ) ಕಡೆಯ ದೋಷ. ಹಾಗಂತ ಸುಮ್ನೆ ಹೊಸ ಸೆನ್ಸರ್ ತರಬೇಡಿ. ಮೊದಲು ಅದರ ಕನೆಕ್ಟರ್ ಬಿಚ್ಚಿ ನೋಡಿ. ಹಳೆ ಕಾರಲ್ಲಿ ತುಕ್ಕಿನ ಕಾಟವೇ ಜಾಸ್ತಿ, ಅಲ್ವಾ?