ಹೊಸ ಬ್ಯಾಟರಿ ಬೇಡ, ಮೊದಲು ಬಾಡಿ ಅರ್ತ್ ಬೋಲ್ಟ್ ನೋಡಿ

ಟಿಟಿಯನ್ನು (ಟೆಂಪೋ ಟ್ರಾವೆಲರ್) ಕ್ಯಾಂಪರ್, ಅಂದರೆ ಒಳಗೇ ಉಳಿದುಕೊಳ್ಳುವ ಗಾಡಿ, ಮಾಡಿಸಿದ್ದೀರಿ. ಹಗಲೆಲ್ಲ ಎಲ್ಲ ಸರಿ ಇರುತ್ತದೆ. ರಾತ್ರಿ ಫ್ರಿಡ್ಜ್ ಪದೇ ಪದೇ ನಿಂತುಹೋಗುತ್ತದೆ, ದೀಪ ಮಂಕಾಗುತ್ತದೆ, ಆದರೆ ಬ್ಯಾಟರಿಗೆ ಮೀಟರ್ ಹಿಡಿದರೆ 12.6 ವೋಲ್ಟ್ ತೋರಿಸುತ್ತದೆ. ಅಂಗಡಿಯವರು ಹೊಸ ಬ್ಯಾಟರಿ ಹಾಕಿಸಿ ಅಂತಿದ್ದಾರೆ, ಹಾಕಿಸಬೇಕಾ? ಇದು ನಿಮ್ಮ ಪ್ರಶ್ನೆ. ಈಗಲೇ ಬೇಡ. ಮೊದಲು ಬ್ಯಾಟರಿಯ ಮೈನಸ್ ವೈರನ್ನು ಗಾಡಿಯ ಕಬ್ಬಿಣದ ಮೈಗೆ ಕೂಡಿಸುವ ಅರ್ತ್ ಬೋಲ್ಟ್ ನೋಡಿ, ಕರೆಂಟ್ ಬ್ಯಾಟರಿಗೆ ವಾಪಸ್ ಬರೋದು ಅದರ ಮೂಲಕ. ಆ ತಪ್ಪು ನಾನು ಮಾಡಿ ಆಗಿದೆ.

ನಮ್ಮ ಗಾಡಿಯೂ ಹಳೇ ಟಿಟಿಯೇ. ಮನೆಮಂದಿಯೆಲ್ಲ ಕರಾವಳಿ ಸುತ್ತೋಕೆ ಹೊರಟಿದ್ದೆವು. ಮಲ್ಪೆಯಲ್ಲಿ ಬಂಗುಡೆ ತಗೊಂಡು ಫ್ರಿಡ್ಜಲ್ಲಿ ಇಟ್ಟೆವು. ಬೆಳಿಗ್ಗೆ ಏಳುವಷ್ಟರಲ್ಲಿ ಗಾಡಿಯೊಳಗೆ ಮೂಗು ಬಿಡೋಕೆ ಆಗುತ್ತಿರಲಿಲ್ಲ. ಬ್ಯಾಟರಿ ಹೋಗಿದೆ ಅಂದುಕೊಂಡೆ. ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು, ಮೇಲೆ 14,000 ರೂಪಾಯಿ ಸುರಿದು ಹೊಸದು ಹಾಕಿಸಿದೆ. ಕುಮಟಾದಲ್ಲಿ ಅದೇ ರಾತ್ರಿ ಮತ್ತೆ ಅದೇ ಕಥೆ.

ಮಾರನೇ ದಿನ ಅಲ್ಲಿನ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಬಂದರು. ವಯಸ್ಸಾದವರು, ಮಾತು ಕಡಿಮೆ. ಬ್ಯಾಟರಿಯನ್ನು ಮುಟ್ಟಲೇ ಇಲ್ಲ. ಫ್ರಿಡ್ಜ್ ಆನ್ ಮಾಡಿಸಿ, ಅದರ ಪಿನ್‌ನಲ್ಲಿ ಮೀಟರ್ ಇಟ್ಟರು. ಕಂಪ್ರೆಸರ್ ಎದ್ದ ಕೂಡಲೇ 10.3. ಅದೇ ಹೊತ್ತಿಗೆ ಬ್ಯಾಟರಿಯಲ್ಲಿ 12.5. ಅಂದರೆ ಎರಡು ವೋಲ್ಟಿಗಿಂತ ಜಾಸ್ತಿ ದಾರಿಯಲ್ಲೇ ಮಾಯ! ಈ ಕಂಪ್ರೆಸರ್ ಫ್ರಿಡ್ಜ್‌ಗಳು ವೋಲ್ಟೇಜ್ ತೀರಾ ಇಳಿದರೆ ತಾವೇ ಆಫ್ ಆಗುತ್ತವೆ, ಎಷ್ಟೋ ಮಾಡೆಲ್‌ಗಳಲ್ಲಿ ಆ ಗೆರೆ 10.4ರ ಆಸುಪಾಸು. ಹಗಲು ಯಾಕೆ ಸರಿ ಇತ್ತು ಅಂತ ಆಗ ಹೊಳೆಯಿತು. ಇಂಜಿನ್ ಅಥವಾ ಸೋಲಾರ್ ಚಾರ್ಜ್ ಮಾಡುವಾಗ ಬ್ಯಾಟರಿ 13.8, 14 ಇರುತ್ತದೆ. ಎರಡು ಕಳೆದರೂ ಫ್ರಿಡ್ಜ್‌ಗೆ ಹನ್ನೆರಡರ ಹತ್ತಿರ ಸಿಗುತ್ತದೆ. ರಾತ್ರಿ ಆ ಆಸರೆ ಇರಲ್ಲ.

ಆಮೇಲೆ ಅವರು ಮೀಟರಿನ ಒಂದು ವೈರನ್ನು ಬ್ಯಾಟರಿ ಮೈನಸ್‌ಗೆ, ಇನ್ನೊಂದನ್ನು ಗಾಡಿಯ ಬಾಡಿಯ ಕಬ್ಬಿಣಕ್ಕೆ ಒತ್ತಿ ಹಿಡಿದರು. ಸೊನ್ನೆಯ ಹತ್ತಿರ ಇರಬೇಕಾದದ್ದು 1.6 ತೋರಿಸಿತು. ಡ್ರೈವರ್ ಸೀಟಿನ ಹಿಂದೆ ಅರ್ತ್ ಬೋಲ್ಟ್ ಇತ್ತು. "ಮುಟ್ಟಿ ನೋಡಿ" ಅಂದರು. ಕಾಫಿ ಲೋಟದ ಹಾಗೆ ಬೆಚ್ಚಗಿತ್ತು. ಬಿಚ್ಚಿದರೆ ಲಗ್ (ವೈರಿನ ತುದಿಯ ಲೋಹದ ಬಳೆ) ಪೂರ್ತಿ ಹಸಿರು ಕಿಲುಬು. ಗಾಡಿ ಕಟ್ಟಿದವರು ಪೇಂಟ್ ಕೆರೆಯದೆ, ಪೇಂಟಿನ ಮೇಲೇ ಲಗ್ ಕೂರಿಸಿ ಬೋಲ್ಟ್ ಬಿಗಿದಿದ್ದರು. ಅಷ್ಟು ದಿನ ಬೋಲ್ಟಿನ ಥ್ರೆಡ್ ಮೂಲಕ ಅಷ್ಟೋ ಇಷ್ಟೋ ಕರೆಂಟ್ ಹರಿಯುತ್ತಿತ್ತು, ಉಪ್ಪು ಗಾಳಿಗೆ ಅದೂ ಕೆಟ್ಟಿತು. ಎಮರಿ ಪೇಪರ್‌ನಲ್ಲಿ ಕಬ್ಬಿಣ ಫಳಫಳ ಹೊಳೆಯುವವರೆಗೆ ಉಜ್ಜಿ, ಹೊಸ ಲಗ್ಗನ್ನು ವೈರಿಗೆ ಒತ್ತಿ ಕೂರಿಸಿ (ಕ್ರಿಂಪ್ ಮಾಡಿ), ಬಿಗಿದು, ಮೇಲೆ ವ್ಯಾಸಲೀನ್ ಸವರಿದರು. 1.6 ಇದ್ದದ್ದು 0.04ಕ್ಕೆ ಬಂತು. ತಗೊಂಡದ್ದು 300 ರೂಪಾಯಿ.

ನೀವೂ ಹೀಗೇ ಮಾಡಿ. ಸುಮ್ನೆ ಇರುವ ಬ್ಯಾಟರಿಯನ್ನು ಅಳೆದರೆ ಈ ತೊಂದರೆ ಗೊತ್ತಾಗಲ್ಲ. ಕೊಟ್ಟಿಗೆಯಲ್ಲಿ ನಿಂತ ಎತ್ತು ಗಟ್ಟಿಯಾಗೇ ಕಾಣುತ್ತದೆ, ನೊಗ ಹೂಡಿದಾಗ ತಾನೇ ಬಣ್ಣ ಬಯಲಾಗೋದು? ಫ್ರಿಡ್ಜ್, ದೀಪ, ಫ್ಯಾನ್ ಎಲ್ಲ ಹಾಕಿ ಆಮೇಲೆ ಅಳೆಯಿರಿ. ಮೈನಸ್ ಕಡೆ ಹೇಗೆ ಅಂತ ಹೇಳಿದೆ. ಪ್ಲಸ್ ಕಡೆಗೆ, ಮೀಟರಿನ ಕೆಂಪು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಕಪ್ಪು ಕಡ್ಡಿ ಫ್ರಿಡ್ಜಿನ ಪ್ಲಸ್ ಪಿನ್‌ಗೆ. ಮೀಟರ್ ತೋರಿಸುವ ಅಂಕಿಯೇ ಆ ದಾರಿ ನುಂಗಿದ ವೋಲ್ಟೇಜ್. 0.3ರ ಒಳಗಿದ್ದರೆ ಸಾಕು. ಕಡ್ಡಿಯ ವೈರ್ ಅಷ್ಟು ದೂರ ಎಟುಕಲ್ಲ ಅಲ್ವಾ, ಯಾವುದಾದರೂ ಹಳೇ ವೈರ್ ಜೋಡಿಸಿಕೊಳ್ಳಿ. ತೆಳುವಾದರೂ ನಡೆಯುತ್ತೆ, ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಇಲ್ಲ.

ಪ್ಲಸ್ ಕಡೆ ಜಾಸ್ತಿ ಬಂದರೆ ಫ್ಯೂಸ್ ಹೋಲ್ಡರ್, ಸ್ವಿಚ್, ಜಾಯಿಂಟ್ ಒಂದೊಂದನ್ನೇ ದಾಟಿಕೊಂಡು ಅಳೆಯಿರಿ. ಎಲ್ಲ ಗಟ್ಟಿ ಇದ್ದರೆ ವೈರೇ ತೆಳು. 1 ಚದರ ಮಿ.ಮೀ. ವೈರಿನಲ್ಲಿ 6 ಮೀಟರ್ ದೂರಕ್ಕೆ 5 ಆಂಪಿಯರ್ ಕಳಿಸಿದರೆ ಹೋಗಿ ಬರುವ ದಾರಿಯಲ್ಲಿ ಒಂದು ವೋಲ್ಟಿಗಿಂತ ಜಾಸ್ತಿ ಹೋಗುತ್ತದೆ. 4 ಚದರ ಮಿ.ಮೀ. ಹಾಕಿದರೆ ಸುಮಾರು 0.3. ಮನೆಯ 230 ವೋಲ್ಟಿನಲ್ಲಿ ಒಂದು ವೋಲ್ಟ್ ಯಾರೂ ಕೇಳಲ್ಲ, 12ರಲ್ಲಿ ಅದು ದೊಡ್ಡ ನಷ್ಟ. ಮನೆ ವೈರಿಂಗ್ ಮಾಡುವವರು ಎಡವೋದು ಇಲ್ಲೇ.

ಒಂದು ವಿಷಯ ನೀವು ಬರೆದಿಲ್ಲ: ಬ್ಯಾಟರಿ ಯಾವುದು? ಲೆಡ್ ಆಸಿಡ್ ಆದರೆ ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟಾಗ 12.6 ಅಂದರೆ ಹತ್ತಿರ ಹತ್ತಿರ ಫುಲ್. 12.2 ಅಂದರೆ ಅರ್ಧ. ಆದರೆ ಲಿಥಿಯಂ ಐರನ್ ಫಾಸ್ಫೇಟ್ ಆಗಿದ್ದರೆ 12.6 ಅಂದರೆ ಬಹುತೇಕ ಖಾಲಿ! ಅದು ಹೆಚ್ಚು ಹೊತ್ತು 13.2ರ ಸುತ್ತಲೇ ಇರುತ್ತದೆ. ಹಾಗಾದರೆ ನಿಮ್ಮ ಸಮಸ್ಯೆ ಅರ್ತ್ ಅಲ್ಲ, ಚಾರ್ಜಿಂಗ್. ಗಾಡಿ ಬಿಎಸ್-6 ಆಗಿದ್ದು ಆಲ್ಟರ್ನೇಟರ್ (ಇಂಜಿನ್ ತಿರುಗಿಸುವ ಚಾರ್ಜಿಂಗ್ ಯಂತ್ರ) ಸ್ಮಾರ್ಟ್ ಆಗಿದ್ದರೆ ಅದು ಓಡುವಾಗಲೇ ವೋಲ್ಟೇಜ್ ಇಳಿಸುತ್ತದೆ, ಎರಡು ಬ್ಯಾಟರಿಗಳ ನಡುವೆ ಬರೀ ರಿಲೇ (ತಾನೇ ಕೂಡಿಸುವ ಸ್ವಿಚ್) ಹಾಕಿದ್ದರೆ ಫ್ರಿಡ್ಜ್, ದೀಪ ನಡೆಸುವ ಎರಡನೇ ಬ್ಯಾಟರಿ ಸರಿಯಾಗಿ ತುಂಬೋದೇ ಇಲ್ಲ. ಆಗ ಇಳಿದ ವೋಲ್ಟೇಜನ್ನು ಏರಿಸಿ ತುಂಬಿಸುವ ಡಿಸಿ-ಡಿಸಿ ಚಾರ್ಜರ್ ಬೇಕು.

ರಾತ್ರಿ ಸುಮ್ನೆ ಕರೆಂಟ್ ಕುಡಿಯುವವರನ್ನೂ ನೋಡಿ. ಆನ್ ಮಾಡಿ ಮರೆತ ಇನ್ವರ್ಟರ್ ಒಂದು ಆಂಪಿಯರ್ ಎಳೆದರೂ ಬೆಳಗಾಗುವಷ್ಟರಲ್ಲಿ 10 ಆಂಪಿಯರ್ ಅವರ್ ಹೋಯಿತು. ವೈರನ್ನು ಬಳಸಿ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಕೊಳ್ಳಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಡಿಸಿ ಕರೆಂಟ್ ಅಳೆಯುತ್ತಾ ಅಂತ ಕೇಳಿ ತಗೊಳ್ಳಿ, ಅಗ್ಗದವು ಬಹಳಷ್ಟು ಎಸಿ ಮಾತ್ರ.

ಬೋಲ್ಟ್ ಬಿಚ್ಚುವ ಮುಂಚೆ ಸೋಲಾರ್ ಪ್ಯಾನೆಲ್ ಬೇರೆ ಮಾಡಿ, ಬ್ಯಾಟರಿಯ ಮೈನಸ್ ಮೊದಲು ಕಳಚಿ, ಕೈಯ ಉಂಗುರ ತೆಗೆದಿಡಿ. 10ರ ಫ್ಯೂಸ್ ಹೋಯಿತು ಅಂತ 20ರದ್ದು ಹಾಕಬೇಡಿ, ಫ್ಯೂಸ್ ಬದಲು ವೈರ್ ಉರಿಯುತ್ತದೆ. ಇನ್ನು 230 ವೋಲ್ಟಿನ ಕಡೆಗೆ ನೀವು ಕೈ ಹಾಕಬೇಡಿ. ಹೋಮ್‌ಸ್ಟೇಯಲ್ಲಿ ಪ್ಲಗ್ ಹಾಕಿದಾಗ ಗಾಡಿಯ ಬಾಡಿ ಜುಮ್ ಅಂದರೆ, ತಕ್ಷಣ ಅಲ್ಲಿನ ಮೇನ್ ಆಫ್ ಮಾಡಿಸಿ ಪ್ಲಗ್ ಕೀಳಿಸಿ. ಎಷ್ಟೋ ಕಡೆ ಮೂರನೇ ಪಿನ್ನಿನ ತೂತು ಇರುತ್ತದೆ, ಹಿಂದೆ ಅರ್ತ್ ವೈರೇ ಇರಲ್ಲ. ಎಲೆಕ್ಟ್ರಿಷಿಯನ್ ಕರೆಸಿ, ಕರೆಂಟ್ ಸೋರಿದರೆ ಕೂಡಲೇ ಲೈನ್ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಸ್ವಿಚ್ ಗಾಡಿಯಲ್ಲಿದೆಯಾ ಅಂತಲೂ ಅವರ ಹತ್ತಿರವೇ ನೋಡಿಸಿ.