ಹಳೆಯ ಮನೆ ಮಾರುವ ಮುನ್ನ ಬಣ್ಣ, ಟೈಲ್ಸ್‌ಗೆ ಎಷ್ಟು ಖರ್ಚು ಮಾಡಬಹುದು?

ತಂದೆಯವರ ಕಾಲದ ಮನೆಗೆ ಎಷ್ಟು ಲಕ್ಷ ಸುರಿದರೆ ಒಳ್ಳೆಯ ಬೆಲೆ ಬಂದೀತು ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ನಾನೂ ಇದನ್ನೇ ಕಂಡಕಂಡವರಲ್ಲಿ ಕೇಳುತ್ತಿದ್ದೆ.

ಮೈಸೂರಿನ ಕುವೆಂಪುನಗರದಲ್ಲಿ, 30×40ರ ನಿವೇಶನದಲ್ಲಿ, 1986ರಲ್ಲಿ ತಂದೆಯವರು ಕಟ್ಟಿಸಿದ ಮನೆ ನಮ್ಮದು. ಅವರು ತೀರಿಕೊಂಡ ಮೇಲೆ ಅಮ್ಮ ನನ್ನೊಂದಿಗೆ ಬೆಂಗಳೂರಿಗೆ ಬಂದರು. ಮಾರುವುದೆಂದು ತೀರ್ಮಾನವಾದ ಕೂಡಲೇ ನಾನು ಕರೆಸಿದ್ದು ಬಣ್ಣದವರನ್ನು. ಕೆಂಪು ಗಾರೆಯ ನೆಲದ ಮೇಲೆ ಟೈಲ್ಸ್ ಹಾಕಿಸಿದೆ, ಅಡುಗೆಮನೆಯ ಕಡಪಾ ಕಲ್ಲು ಕೀಳಿಸಿ ಗ್ರಾನೈಟ್ ಕೂರಿಸಿದೆ. ನಾಲ್ಕೂವರೆ ಲಕ್ಷ ಕರಗಿತು. ನೋಡಲು ಬಂದ ಮೊದಲ ದಂಪತಿಯಲ್ಲಿ ಆ ಹೆಂಗಸು, "ಅಯ್ಯೋ, ಕೆಂಪು ನೆಲ ಮುಚ್ಚಿಬಿಟ್ರಾ?" ಎಂದರು. ಆದರೂ ಮನೆ ಒಪ್ಪಿಗೆಯಾಗಿ, ಎರಡು ಲಕ್ಷ ಮುಂಗಡ ಕೊಟ್ಟು ಮೂರು ತಿಂಗಳ ಕರಾರು ಬರೆಸಿಕೊಂಡರು.

ನಾನು ಕೆಟ್ಟದ್ದು ಋಣಭಾರ ಪತ್ರದ ವಿಷಯದಲ್ಲಿ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳನ್ನು ತೋರಿಸುವ, ಎಲ್ಲರೂ ಇಸಿ ಎನ್ನುವ ಕಾಗದದಲ್ಲಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಇಸಿ ತೆಗೆಸಿದ್ದೆ. ಯಾವ ವ್ಯವಹಾರವೂ ಇಲ್ಲವೆಂದು ಹೇಳುವ ನಮೂನೆ 16 ಬಂದಿತ್ತು, ಅದನ್ನು ಕಂಡು ನಿಶ್ಚಿಂತನಾದೆ. ಆದರೆ ಆ ಜಾಲತಾಣದಲ್ಲಿ ದೊರೆಯುವುದು 2004ರ ಏಪ್ರಿಲ್‌ನಿಂದ ಈಚಿನ ದಾಖಲೆ ಮಾತ್ರ. ಅದಕ್ಕೂ ಹಿಂದಿನದು ಬೇಕೆಂದರೆ ಉಪನೋಂದಣಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು, ಹಳೆಯ ಪುಸ್ತಕಗಳನ್ನು ಹುಡುಕಿಸಿ, ಕೈಬರಹದ ಇಸಿ ಪಡೆಯಬೇಕು. ಕೊಳ್ಳುವವರ ಬ್ಯಾಂಕಿನ ವಕೀಲರು ಹಾಗೆಯೇ ಹುಡುಕಿಸಿದರು. ಮನೆ ಕಟ್ಟಲು ತಂದೆಯವರು ಒಂದು ಸಹಕಾರ ಸಂಘದಿಂದ ಪಡೆದ ಸಾಲದ ಅಡಮಾನ ಅಲ್ಲಿ ಹಾಗೆಯೇ ಕುಳಿತಿತ್ತು! ಸಾಲ 1999ರಲ್ಲೇ ತೀರಿತ್ತು, ಬಾಕಿ ಇಲ್ಲವೆಂಬ ಪತ್ರ ಟ್ರಂಕಿನಲ್ಲಿಯೂ ಇತ್ತು. ಆದರೆ ನೋಂದಾಯಿಸಿದ ಅಡಮಾನವನ್ನು ದಾಖಲೆಯಿಂದ ಇಳಿಸಲು ಸಾಲ ಕೊಟ್ಟವರು ಸಹಿ ಹಾಕಿದ ಬಿಡುಗಡೆ ಪತ್ರ, ಅಂದರೆ ಡಿಸ್ಚಾರ್ಜ್ ಡೀಡ್ ನೋಂದಣಿಯಾಗಬೇಕು, ಅದನ್ನು ಯಾರೂ ಮಾಡಿಸಿರಲಿಲ್ಲ. ಆ ಸಂಘವಾದರೋ ಅಷ್ಟರಲ್ಲಿ ಬೇರೊಂದರಲ್ಲಿ ವಿಲೀನವಾಗಿತ್ತು. ಸಹಿ ಹಾಕುವ ಅಧಿಕಾರ ಯಾರದೆಂದು ಅವರ ಆಡಳಿತ ಮಂಡಳಿ ನಿರ್ಣಯಿಸುವ ಹೊತ್ತಿಗೆ ಐದು ತಿಂಗಳು ಕಳೆದವು. ಆ ದಂಪತಿ ಮುಂಗಡ ವಾಪಸು ಪಡೆದು ಬೇರೆ ಮನೆ ಕೊಂಡರು. ಮುಂದೆ ಬಂದವರಿಗೆ ಆರು ಲಕ್ಷ ಕಡಿಮೆಗೆ ಕೊಟ್ಟೆ. ಅವರಿಗೆ ಬೇಕಿದ್ದದ್ದು ನಿವೇಶನ. ನನ್ನ ಟೈಲ್ಸ್ ಸಮೇತ ಮನೆಯನ್ನು ಕೆಡವಿಸಿದರು.

ಆದ್ದರಿಂದ ಬಣ್ಣಕ್ಕೆ ಎಷ್ಟು ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಮೊದಲು ಕಾಗದಪತ್ರ ಸರಿಪಡಿಸಿಕೊಳ್ಳಿ. ತಂದೆಯವರು ಉಯಿಲು ಬರೆಯದೆ ಹೋಗಿದ್ದರೆ ಅಮ್ಮ, ಅಕ್ಕತಂಗಿಯರು ಎಲ್ಲರೂ ಹಕ್ಕುದಾರರು. ವಂಶವೃಕ್ಷ ಮಾಡಿಸಿ, ಸ್ಥಳೀಯ ಸಂಸ್ಥೆಯ ಆಸ್ತಿ ದಾಖಲೆಯಾದ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಿ. ಅದರ ಡಿಜಿಟಲ್ ರೂಪವಾದ ಇ-ಖಾತೆ ಇಲ್ಲದೆ ಈಗ ನಗರದಲ್ಲಿ ನೋಂದಣಿಯೇ ಆಗುವುದಿಲ್ಲ. ಹಕ್ಕುದಾರರಲ್ಲಿ ಯಾರಾದರೂ ವಿದೇಶದಲ್ಲಿದ್ದು, ಅವರ ಪರವಾಗಿ ಸಹಿ ಹಾಕಲು ಅಧಿಕಾರ ಪತ್ರ (ಪವರ್ ಆಫ್ ಅಟಾರ್ನಿ) ತರಿಸುವುದಾದರೆ, ಅದು ರಾಜ್ಯಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕೆಂಬುದು ನೆನಪಿರಲಿ.

ಮನೆಯೊಳಗೆ ಸೋರುವ ನಲ್ಲಿ, ಸ್ನಾನದ ಮನೆಯ ಪಾಚಿ, ಅಂಗಳದ ಕಳೆ, ಇಷ್ಟನ್ನು ಸರಿಪಡಿಸಿದರೆ ಸಾಕು. ಗೋಡೆಯ ಬಿರುಕನ್ನು ಪುಟ್ಟಿ ಬಳಿದು ಮುಚ್ಚಬೇಡಿ, ಹೊಸ ಬಣ್ಣ ಕಂಡರೆ ನೋಡಲು ಬಂದವರು ಅಲ್ಲಿಯೇ ಬೆರಳಿನಿಂದ ತಟ್ಟುತ್ತಾರೆ. ನೆಲ ಕೆಂಪು ಗಾರೆಯದಾಗಿದ್ದರೆ ಒಮ್ಮೆ ತೊಳೆಸಿ ಬಿಡಿ.