ಭಾವಗೀತೆಯ ಹಿನ್ನೆಲೆಗೆ ಯಾವ ಸಾಫ್ಟ್‌ವೇರ್ ಪಿಯಾನೊ?

ಪ್ರಶ್ನೆ: ಧಾರವಾಡದ ನನ್ನ ಮನೆಯ ಕೋಣೆಯಲ್ಲೇ ಭಾವಗೀತೆಗಳಿಗೆ ಹಿನ್ನೆಲೆ ಸಂಗೀತ ಸಿದ್ಧಪಡಿಸುತ್ತೇನೆ. 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಮತ್ತು 61 ಕೀಗಳ ಮಿಡಿ ಕೀಬೋರ್ಡ್ ನನ್ನಲ್ಲಿವೆ. ಈಗ ಬಳಸುತ್ತಿರುವ ಪಿಯಾನೊ ಪ್ಲಗಿನ್ (ರೆಕಾರ್ಡಿಂಗ್ ಸಾಫ್ಟ್‌ವೇರ್‌ನೊಳಗೆ ಪಿಯಾನೊ ನಾದ ಕೊಡುವ ಪುಟ್ಟ ತಂತ್ರಾಂಶ) ತಗಡು ಬಡಿದಂತೆ ಕೇಳಿಸುತ್ತದೆ. ನಿಜವಾದ ವಾದ್ಯದ ಧ್ವನಿಮುದ್ರಿಕೆಗಳನ್ನು ಕೂಡಿಹಾಕಿದ, 100 ಜಿಬಿಗೂ ಮಿಕ್ಕಿದ ಗ್ರ್ಯಾಂಡ್ ಪಿಯಾನೊ ಲೈಬ್ರರಿಯೊಂದನ್ನು ಕೊಂಡರೆ ಸರಿಹೋಗುವುದೇ?

ಉತ್ತರ: ಸದ್ಯಕ್ಕೆ ಕೊಳ್ಳಬೇಡಿ. ನೀವು ಹೇಳುವ ತಗಡಿನ ನಾದಕ್ಕೆ ಕಾರಣ ಆ ಪ್ಲಗಿನ್‌ಗಿಂತ ಹೆಚ್ಚಾಗಿ ಅದಕ್ಕೆ ನಿಮ್ಮ ಕೀಬೋರ್ಡ್ ಕಳಿಸುತ್ತಿರುವ ಅಂಕಿಗಳೇ ಇರಬಹುದೆಂದು ನನ್ನ ಅನುಮಾನ.

ಕೀಬೋರ್ಡ್ ಮತ್ತು ಕಂಪ್ಯೂಟರ್ ಪರಸ್ಪರ ಮಾತಾಡಿಕೊಳ್ಳಲು 1983ರಲ್ಲಿ ಬಂದ ಮಿಡಿ ವ್ಯವಸ್ಥೆಯಲ್ಲಿ ಕೀ ಒತ್ತಿದ ರಭಸವನ್ನು, ಅಂದರೆ ವೆಲಾಸಿಟಿಯನ್ನು, 1ರಿಂದ 127ರವರೆಗಿನ ಅಂಕಿಯಾಗಿ ಕಳಿಸಲಾಗುತ್ತದೆ. ತೂಕವಿಲ್ಲದ, ಸ್ಪ್ರಿಂಗಿನ ಮೇಲೆ ನಿಂತ ಕೀಗಳು ಬೆರಳಿಗೆ ಹೆಚ್ಚು ಎದುರೊಡ್ಡುವುದಿಲ್ಲವಾದ್ದರಿಂದ, ಮೃದುವಾಗಿ ನುಡಿಸಿದೆವೆಂದು ನಾವು ಅಂದುಕೊಂಡಾಗಲೂ ಈ ಅಂಕಿ ಸುಲಭವಾಗಿ ನೂರನ್ನು ದಾಟಿಬಿಡುತ್ತದೆ. ನಿಜವಾದ ಪಿಯಾನೊದಲ್ಲಿ ಉಣ್ಣೆ ಹೊದಿಸಿದ ಸುತ್ತಿಗೆ ತಂತಿಗೆ ಜೋರಾಗಿ ಬಡಿದಷ್ಟೂ ನಾದ ದೊಡ್ಡದಾಗುವುದರ ಜೊತೆಗೆ ಹರಿತವೂ ಆಗುತ್ತದೆ. ಸ್ಯಾಂಪಲ್ ಲೈಬ್ರರಿಗಳಲ್ಲಿ ಒಂದೊಂದು ಹಂತದ ರಭಸಕ್ಕೂ ಒಂದೊಂದು ಲೇಯರ್ ಇದ್ದು, ಆ ಹರಿತವನ್ನು ಮೇಲಿನ ಲೇಯರ್‌ಗಳಲ್ಲಿ ಧ್ವನಿಮುದ್ರಿಸಿರುತ್ತಾರೆ. ನಿಮ್ಮ ಅಂಕಿಗಳು ಸದಾ ನೂರರ ಮೇಲಿದ್ದರೆ ನಿಮಗೆ ಕೇಳಿಸುವುದು ಆ ಮೇಲಿನ ಲೇಯರ್‌ಗಳು ಮಾತ್ರ, ಲೈಬ್ರರಿ ಎಷ್ಟೇ ದೊಡ್ಡದಿರಲಿ. ಒಂದು ಪಲ್ಲವಿಯನ್ನು ಸಹಜವಾಗಿ ನುಡಿಸಿ ರೆಕಾರ್ಡ್ ಮಾಡಿ, ಸ್ವರಗಳ ವೆಲಾಸಿಟಿಯನ್ನು ಪರದೆಯ ಮೇಲೆ ನೋಡಿ. ಅವೆಲ್ಲ ತುದಿಯಲ್ಲಿ ಗುಂಪುಗೂಡಿದ್ದರೆ, ಸಾಧಾರಣ ನುಡಿಸಾಣಿಕೆ 50ರಿಂದ 80ರ ನಡುವೆ ಬೀಳುವವರೆಗೆ ಕೀಬೋರ್ಡಿನಲ್ಲೋ ಪ್ಲಗಿನ್ನಿನಲ್ಲೋ ವೆಲಾಸಿಟಿ ಕರ್ವ್ ಅನ್ನು, ಅಂದರೆ ಯಾವ ರಭಸಕ್ಕೆ ಯಾವ ಅಂಕಿ ಎಂಬ ಹೊಂದಿಕೆಯನ್ನು, ತಗ್ಗಿಸಿ. ಈ ಅರ್ಧ ಗಂಟೆಯ ಕೆಲಸವನ್ನು ಮಾಡದೆ ಒಂದರ ಹಿಂದೊಂದು ಪಿಯಾನೊ ಕೊಂಡವರಲ್ಲಿ ನಾನೂ ಒಬ್ಬ.

ಇನ್ನು ಆ ನೂರು ಜಿಬಿಯಲ್ಲಿ ಇರುವುದೇನು ಎಂಬುದನ್ನೂ ನೋಡಬೇಕು. 88 ಕೀಗಳನ್ನು ತಲಾ 16 ಹಂತದ ರಭಸದಲ್ಲಿ ನುಡಿಸಿದರೆ 1,408 ಧ್ವನಿಮುದ್ರಿಕೆಗಳಾಗುತ್ತವೆ. ಪೆಡಲ್ ಒತ್ತಿ ಮತ್ತೊಮ್ಮೆ ನುಡಿಸಿದರೆ 2,816. ಅದನ್ನು ನಾಲ್ಕು ಜಾಗಗಳ ಮೈಕುಗಳಿಂದ ಹಿಡಿದರೆ 11,264. ಲಂಡನ್ನಿನ ಅಬೇ ರೋಡ್ ಸ್ಟುಡಿಯೊದಲ್ಲಿ ಧ್ವನಿಮುದ್ರಿಸಿದ ಗ್ಯಾರಿಟನ್ ಸಿಎಫ್‌ಎಕ್ಸ್‌ನಂಥ ಲೈಬ್ರರಿಗಳು ಬೆಳೆದದ್ದು ಹೀಗೆಯೇ, ಮತ್ತು ಪಿಯಾನೊ ಒಂದೇ ನುಡಿಯುವ ಸಂಗೀತದಲ್ಲಿ ಆ ಶ್ರಮವೆಲ್ಲ ಸಾರ್ಥಕ. ಆದರೆ ಗಾಯಕಿಯ ದನಿ, ತಬಲಾ, ಕೊಳಲುಗಳ ಕೆಳಗೆ ಕೂರಬೇಕಾದ ಪಿಯಾನೊಗೆ ಸಭಾಂಗಣದ ದೂರದ ಮೈಕುಗಳಿಂದ ಉಪಕಾರಕ್ಕಿಂತ ಅಡಚಣೆಯೇ ಹೆಚ್ಚು.

ನಿಮ್ಮ ಲ್ಯಾಪ್‌ಟಾಪಿಗೆ ಒಪ್ಪುವ ದಾರಿಗಳು ಎರಡು. ಮೊದಲನೆಯದು ಉಚಿತವಾಗಿ ಸಿಗುವ ಸಲಾಮಾಂಡರ್ ಗ್ರ್ಯಾಂಡ್ ಪಿಯಾನೊ: ಯಮಾಹಾ ಸಿ5 ವಾದ್ಯವನ್ನು 16 ಲೇಯರ್‌ಗಳಲ್ಲಿ, ಮೂರು ಕೀಗಳಿಗೊಂದರಂತೆ ಧ್ವನಿಮುದ್ರಿಸಿದ್ದು. ಎರಡನೆಯದು ಫ್ರಾನ್ಸಿನ ಟುಲೂಸ್ ನಗರದ ಮೊಡಾರ್ಟ್ ಸಂಸ್ಥೆ 2006ರಲ್ಲಿ ಹೊರತಂದ ಪಿಯಾನೊಟೆಕ್. ಇದರಲ್ಲಿ ಧ್ವನಿಮುದ್ರಿಕೆಗಳೇ ಇಲ್ಲ; ಸುತ್ತಿಗೆ, ತಂತಿ, ನಾದಫಲಕಗಳ ವರ್ತನೆಯನ್ನು ಗಣಿತದಿಂದ ಆ ಕ್ಷಣಕ್ಕೇ ಲೆಕ್ಕಹಾಕಿ ನಾದ ಹುಟ್ಟಿಸುತ್ತದೆ. ಹೀಗಾಗಿ ಡಿಸ್ಕಿನಲ್ಲಿ ಅದಕ್ಕೆ ಬೇಕಾದ ಜಾಗ ಅತ್ಯಲ್ಪ, ಹೊರೆಯೆಲ್ಲ ಪ್ರೊಸೆಸರಿನ ಮೇಲೆ. ಒಂಟಿಯಾಗಿ ಕೇಳಿದಾಗ ಅದರ ನಡುಸ್ಥಾಯಿ ನನ್ನ ಕಿವಿಗೆ ತುಸು ಗಾಜಿನಂತೆನಿಸುತ್ತದೆ. ಹಾಡಿನೊಳಗೆ ಕೂತ ಮೇಲೆ ಆ ದೋಷವನ್ನು ಗುರುತಿಸಲು ನನಗೆ ಆಗಿಲ್ಲ. ಬೆರಳಿಗೆ ಸ್ಪಂದಿಸುವ ಗುಣವನ್ನು ಮುಖ್ಯವೆಂದು ನೋಡಿದರೆ ನಿಮಗೆ ನಾನು ಹೇಳುವುದು ಇದನ್ನೇ, ಅದೂ ಪ್ರಾಯೋಗಿಕ ಆವೃತ್ತಿಯಲ್ಲಿ ವಾರವಿಡೀ ನುಡಿಸಿ ನೋಡಿದ ಬಳಿಕ.

ಯಾವುದನ್ನೇ ಆರಿಸಿದರೂ ಮಿಕ್ಸ್ ಅನ್ನು ಒಮ್ಮೆ ಮೊನೊದಲ್ಲಿ, ಅಂದರೆ ಎಡ-ಬಲಗಳನ್ನು ಒಂದಾಗಿ ಕೂಡಿಸಿ, ಕೇಳಿ. ದೂರದೂರ ಇಟ್ಟ ಮೈಕುಗಳಿಂದ ಹಿಡಿದ ನಾದ ಹೆಡ್‌ಫೋನಿನಲ್ಲಿ ವಿಶಾಲವೆನಿಸಿ, ಒಂದೇ ಸ್ಪೀಕರಿನಲ್ಲಿ ಕೂಡಿಕೊಂಡಾಗ ಪರಸ್ಪರ ರದ್ದಾಗಿ ಬಡವಾಗಬಹುದು. ಭಾವಗೀತೆಯನ್ನು ಮೊಬೈಲಿನ ಸ್ಪೀಕರಿನಲ್ಲೇ ಕೇಳುವವರು ಎಷ್ಟು ಜನರೆಂಬುದು ನಿಮಗೆ ತಿಳಿದೇ ಇದೆ. ತಬಲಾದ ಎಡಗೈ ವಾದ್ಯ ಡಗ್ಗಾ ನುಡಿಯುವೆಡೆ ಪಿಯಾನೊದ ಮಂದ್ರವನ್ನು ಕತ್ತರಿಸಲು ಹಿಂಜರಿಯಬೇಡಿ. ತಂಬೂರಿ ಸೇರುವುದಾದರೆ ಮತ್ತೊಂದು ಸೂಕ್ಷ್ಮವಿದೆ. ಪಿಯಾನೊದ ಉಕ್ಕಿನ ತಂತಿಯ ಗಡಸುತನದಿಂದಾಗಿ ಅದರ ಉಪಸ್ವರಗಳು ಲೆಕ್ಕಕ್ಕಿಂತ ಕೊಂಚ ಏರಿರುವುದರಿಂದ, ಪಿಯಾನೊ ಶ್ರುತಿಮಾಡುವವರು ತಾರವನ್ನು ತುಸು ಏರಿಸಿ, ಮಂದ್ರವನ್ನು ತುಸು ಇಳಿಸಿಯೇ ಇಡುತ್ತಾರೆ. ಆದಕಾರಣ ಎರಡೂ ತುದಿಗಳಲ್ಲಿ ಷಡ್ಜ ತಂಬೂರಿಯೊಡನೆ ಅಲುಗುವುದುಂಟು. ತಂಬೂರಿ ಒಂದೇ ಇರುವಲ್ಲಿ ನಡುಸ್ಥಾಯಿಯಲ್ಲೇ ನುಡಿಸುವುದು ಕ್ಷೇಮ.

ನುಡಿಸುವಾಗ ನಾದ ತಡವಾಗಿ ಬಂದಂತಾದರೆ ಬಫರ್ ಅನ್ನು, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಲೆಕ್ಕಹಾಕುವ ನಾದದ ಬಿಂದುಗಳ ಸಂಖ್ಯೆಯನ್ನು, 128ಕ್ಕೆ ಇಳಿಸಿ. 44.1 ಕಿಲೋಹರ್ಟ್ಸ್‌ನಲ್ಲಿ ಅಷ್ಟು ಬಫರಿನ ವಿಳಂಬ ಮೂರು ಮಿಲಿಸೆಕೆಂಡಿಗೂ ಕಡಿಮೆ, 512ರಲ್ಲಿ ಅದು ಹನ್ನೆರಡರ ಹತ್ತಿರ.

ಉಳಿಸಿದ ಹಣದಲ್ಲಿ ಮೊದಲು ಕೀ ಬಿಟ್ಟ ಮೇಲೂ ನಾದವನ್ನು ಉಳಿಸುವ, ಒಳ್ಳೆಯ ಸಸ್ಟೇನ್ ಪೆಡಲ್ ಕೊಳ್ಳಿ. ಅಗ್ಗದ ಸ್ವಿಚ್ ಪೆಡಲ್ ಕಳಿಸುವುದು 0 ಮತ್ತು 127 ಎಂಬ ಎರಡೇ ಅಂಕಿಗಳನ್ನು; ಅರ್ಧ ಪೆಡಲಿನ ಸೊಗಸು ಬೇಕಿದ್ದರೆ ನಡುವಿನ ಅಂಕಿಗಳನ್ನೂ ಕಳಿಸುವ ಪೆಡಲ್ ಬೇಕು, ಕೀಬೋರ್ಡ್ ಅದನ್ನು ಸ್ವೀಕರಿಸಬೇಕು. ಮುಂದೆ 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಮತ್ತು 88 ತೂಕದ ಕೀಗಳು ಒದಗಿ, ಒಂಟಿ ಪಿಯಾನೊದ ಕೃತಿಗಳತ್ತ ನೀವು ಹೊರಳಿದಾಗ ದೊಡ್ಡ ಲೈಬ್ರರಿಗಳನ್ನು ನೋಡೋಣ. ಆಗಲೂ 97 ಕೀಗಳ ಬೋಸೆನ್‌ಡಾರ್ಫರ್ ಇಂಪೀರಿಯಲ್‌ಗೆ ಮನಸೋಲುವ ಮುನ್ನ, ಅದರ ಹೆಚ್ಚುವರಿ ಒಂಬತ್ತು ಮಂದ್ರ ಸ್ವರಗಳು ನಿಮ್ಮ ಕೈಗೆ ನೇರವಾಗಿ ಎಟುಕುವುದಿಲ್ಲ ಎಂಬುದು ನೆನಪಿರಲಿ.